ಹಳೆಯ ಅರ್ಜಿ, ಹೊಸ ಸಂಸಾರ

ಕೆನಡಾದಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕುವವರು ತುಂಬಬೇಕಾದ ಕಾಗದಗಳಲ್ಲಿ ಐಎಂಎಂ 5669 ಎಂಬ ನಮೂನೆಯೂ ಒಂದು. ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು, ಕಳೆದ ಹತ್ತು ವರ್ಷ ಎಲ್ಲೆಲ್ಲಿ ಇದ್ದಿರಿ, ಏನೇನು ಮಾಡಿದಿರಿ ಎಂಬ ವಿವರಗಳ ನಡುವೆ ಆರನೆಯ ಪ್ರಶ್ನೆ ಬರುತ್ತದೆ. ಅದು ಹೌದು, ಇಲ್ಲ ಎಂದು ಗುರುತು ಹಾಕುವ ಪಟ್ಟಿ. ಕೆನಡಾದಲ್ಲಾಗಲಿ, ಬೇರೆ ದೇಶದಲ್ಲಾಗಲಿ, ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಬಳಿಯಾಗಲಿ ಹಿಂದೆಂದಾದರೂ ಆಶ್ರಯ ಕೋರಿದ್ದೀರಾ? ಯಾವ ದೇಶವಾದರೂ ಆಶ್ರಯವನ್ನೋ ವೀಸಾವನ್ನೋ ನಿರಾಕರಿಸಿದೆಯೇ? ದೇಶ ಬಿಟ್ಟು ಹೋಗಿ ಎಂದು ಆದೇಶಿಸಿದೆಯೇ? ಹೆಚ್ಚಿನವರು ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ಪುಟ ತಿರುವುತ್ತಾರೆ. ಗಂಡನೋ ಹೆಂಡತಿಯೋ ಕೆನಡಾದಲ್ಲಿದ್ದು, ತಾವು ಹಿಂದೊಮ್ಮೆ ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಆಶ್ರಯ ಕೇಳಿ ಸಿಗದೆ ಹಿಂದಿರುಗಿದವರ ಕೈ ಮಾತ್ರ ಅಲ್ಲಿ ತಡೆಯುತ್ತದೆ.

ಬೇರೆ ದೇಶದಲ್ಲಿ ಆಶ್ರಯ ಕೇಳಿದ್ದು ಕೆನಡಾದ ಕಾನೂನಿನ ಕಣ್ಣಲ್ಲಿ ಅಪರಾಧವಲ್ಲ. ಆ ಅರ್ಜಿ ತಿರಸ್ಕಾರವಾಗಿದ್ದರೂ ಅದೊಂದೇ ಕಾರಣಕ್ಕೆ ಸಂಗಾತಿಯ ವೀಸಾ ನಿಲ್ಲುವುದಿಲ್ಲ. ಅಮೆರಿಕದ ಗಡೀಪಾರು ಆದೇಶವೂ ಕೆನಡಾಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಅದನ್ನು ಮುಚ್ಚಿಟ್ಟರೆ ಮಾತ್ರ ವೀಸಾ ಕೈತಪ್ಪುತ್ತದೆ. ಇಷ್ಟು ಸರಳ ಸಂಗತಿಯನ್ನು ಆ ನಮೂನೆ ತುಂಬುವ ಹೊತ್ತಿಗೆ ಯಾರೂ ಬಿಡಿಸಿ ಹೇಳದೆ ಇರುವುದರಿಂದ ಗಂಡ ಒಂದು ಖಂಡದಲ್ಲಿ, ಹೆಂಡತಿ ಇನ್ನೊಂದು ಖಂಡದಲ್ಲಿ ವರ್ಷಗಟ್ಟಲೆ ಕಾಯುವಂತಾಗಿದೆ.

ಕರ್ನಾಟಕಕ್ಕೂ ಈ ವಿಷಯಕ್ಕೂ ನೇರ ನಂಟಿದೆ. ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡುಭೂಮಿಯನ್ನು ಹಸನು ಮಾಡಿಕೊಂಡು ಟಿಬೆಟಿಯನ್ನರು 1960ರ ದಶಕದ ಆರಂಭದಲ್ಲೇ ನೆಲೆಸಿದರು. ಆಮೇಲೆ ಉತ್ತರ ಕನ್ನಡದ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಶಿಬಿರಗಳಾದವು. ಆ ಮನೆಗಳ ಮಕ್ಕಳು ಈಗ ಟೊರಾಂಟೊದ ಪಾರ್ಕ್‌ಡೇಲ್‌ನಲ್ಲಿದ್ದಾರೆ, ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿದ್ದಾರೆ, ಯುರೋಪಿನ ಊರುಗಳಲ್ಲಿದ್ದಾರೆ. ಪಾರ್ಕ್‌ಡೇಲ್‌ನ ಕ್ವೀನ್ ಸ್ಟ್ರೀಟಿನಲ್ಲಿ ಮೊಮೊ ಅಂಗಡಿ ಇಟ್ಟವರಲ್ಲಿ ಕನ್ನಡ ಬಲ್ಲವರು ಸಿಕ್ಕರೆ ಅಚ್ಚರಿಯೇನಿಲ್ಲ. ಬೈಲುಕುಪ್ಪೆಯಲ್ಲಿ ಬೆಳೆದವರಿಗೆ ಕುಶಾಲನಗರದ ಸಂತೆಯ ಭಾಷೆ ಬರಲೇಬೇಕು. ಒಬ್ಬರು ಅಮೆರಿಕದಲ್ಲಿ ಆಶ್ರಯ ಕೇಳಿ, ಅದು ಇತ್ಯರ್ಥವಾಗುವ ಮುನ್ನವೇ ಶಿಬಿರಕ್ಕೆ ಮರಳಿ, ಆಮೇಲೆ ಕೆನಡಾದ ಪೌರತ್ವ ಪಡೆದ ನೆಂಟರ ಪೈಕಿಯವರನ್ನೇ ಮದುವೆಯಾದರೆ ಅವರೂ ಆರನೆಯ ಪ್ರಶ್ನೆಯ ಮುಂದೆ ಬಂದು ನಿಂತಂತೆ. ಪಂಜಾಬ್, ಹರಿಯಾಣ, ಗುಜರಾತಿನಿಂದ ಹೊರಟು ಅಮೆರಿಕದ ದಕ್ಷಿಣ ಗಡಿಯಲ್ಲಿ ಆಶ್ರಯ ಕೇಳಿದವರ ಕಥೆಯೂ ಇದೇ.

ಮುಚ್ಚಿಡುವವರೆಲ್ಲ ವಂಚಕರಲ್ಲ. ಹಲವರಿಗೆ ಅದು ನಾಚಿಕೆಯ ವಿಷಯ. ಲಕ್ಷಾಂತರ ಸಾಲ ಮಾಡಿ ಹೋಗಿ, ಬಂಧನ ಕೇಂದ್ರದಲ್ಲಿ ಕೂತು, ಬರಿಗೈಲಿ ಬಂದದ್ದು ಬೀಗರಿಗೆ ಗೊತ್ತಾಗಬಾರದು. ಕೆಲವರು ಕಟ್ಟಿಕೊಂಡ ಹೆಂಡತಿಗೂ ಹೇಳಿರುವುದಿಲ್ಲ. ಅರ್ಜಿ ಹಿಂತೆಗೆದುಕೊಂಡಿದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ನಂಬಿದವರಿದ್ದಾರೆ. ಚಿಕ್ಕಂದಿನಲ್ಲಿ ಅಪ್ಪನ ಅರ್ಜಿಯಲ್ಲಿ ತಮ್ಮ ಹೆಸರೂ ಸೇರಿತ್ತೆಂಬುದೇ ಗೊತ್ತಿಲ್ಲದವರೂ ಇದ್ದಾರೆ. ಹಿಂತೆಗೆದುಕೊಂಡ ಅರ್ಜಿಯೂ ಅರ್ಜಿಯೇ. ಇವರೆಲ್ಲರ ಪಾಲಿಗೆ ಅತ್ಯಂತ ಅಪಾಯಕಾರಿಯಾದವರು ‘ಅದನ್ನೆಲ್ಲ ಬರೆಯಬೇಡಿ, ಸುಮ್ಮನೆ ರಿಜೆಕ್ಟ್ ಆಗುತ್ತೆ’ ಎಂದು ಹೇಳಿ ಫೀಸು ಎಣಿಸಿಕೊಳ್ಳುವ ಏಜೆಂಟರು. ಫಾರಂ ತುಂಬಿದ್ದು ಏಜೆಂಟನಾದರೂ ಸಹಿ ಅರ್ಜಿದಾರರದು. ಕೆನಡಾದ ನ್ಯಾಯಾಲಯಗಳು ಏಜೆಂಟನ ಸುಳ್ಳನ್ನು ಅರ್ಜಿದಾರರ ತಲೆಗೇ ಕಟ್ಟುತ್ತ ಬಂದಿವೆ.

ಮುಚ್ಚಿಟ್ಟರೆ ಉಳಿಯುತ್ತದೆ ಎಂಬ ನಂಬಿಕೆಗೆ ಒಂದು ಕಾಲದಲ್ಲಿ ಸ್ವಲ್ಪ ಆಧಾರವಿತ್ತು. ಆಗ ಒಂದು ದೇಶದ ಕಡತ ಇನ್ನೊಂದು ದೇಶಕ್ಕೆ ಕಾಣುತ್ತಿರಲಿಲ್ಲ. ಈಗ ಹಾಗಿಲ್ಲ. 2018ರ ಡಿಸೆಂಬರ್ 31ರಿಂದ ಕೆನಡಾಕ್ಕೆ ಅರ್ಜಿ ಹಾಕುವ ಭಾರತೀಯರು ಹತ್ತೂ ಬೆರಳಿನ ಗುರುತು ಕೊಡಬೇಕು. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಗಾಜಿನ ಮೇಲೆ ಮೊದಲು ನಾಲ್ಕು ಬೆರಳು, ಮತ್ತೆ ನಾಲ್ಕು, ಕೊನೆಗೆ ಎರಡು ಹೆಬ್ಬೆರಳು ಇಟ್ಟು, ಫೋಟೊ ತೆಗೆಸಿಕೊಂಡು, ರಸೀದಿ ಹಿಡಿದು ಹೊರಬರಲು ಕೆಲವೇ ನಿಮಿಷ ಸಾಕು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಕೆನಡಾ ವಲಸೆ ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದೆ. ಬೆರಳು ಅಲ್ಲಿನ ಯಾವುದಾದರೂ ಕಡತಕ್ಕೆ ತಾಳೆಯಾದರೆ ಆಗ ಕೊಟ್ಟ ಹೆಸರು, ಜನ್ಮದಿನಾಂಕ, ಹಾಕಿದ ಅರ್ಜಿ, ಅದರ ಗತಿ ಎಲ್ಲವೂ ವೀಸಾ ಅಧಿಕಾರಿಯ ಪರದೆಗೆ ಬರಬಹುದು. ಟೆಕ್ಸಾಸ್ ಗಡಿಯಲ್ಲಿ ಬೇರೆ ಹೆಸರು ಹೇಳಿದ್ದರೂ ಬೆರಳು ಬದಲಾಗಿರುವುದಿಲ್ಲ.

ತಾಳೆಯಾದ ಮೇಲೆ ಬರುವುದು ಒಂದು ಇಮೇಲ್. ಕೆನಡಾದ ವಲಸೆ ವಕೀಲರ ಬಾಯಲ್ಲಿ ಅದು ‘ಫೇರ್‌ನೆಸ್ ಲೆಟರ್’. ನಿಮ್ಮ ಉತ್ತರದ ಬಗ್ಗೆ ನಮಗೆ ಅನುಮಾನವಿದೆ, ಇಷ್ಟು ದಿನದೊಳಗೆ ವಿವರಣೆ ಕೊಡಿ ಎಂಬುದು ಅದರ ಒಕ್ಕಣೆ. ತುಂಬ ಜನ ಇಲ್ಲಿ ಎರಡನೆಯ ತಪ್ಪು ಮಾಡುತ್ತಾರೆ. ಆ ವ್ಯಕ್ತಿ ತಾನಲ್ಲವೇ ಅಲ್ಲ ಎಂದು ಬರೆದುಬಿಡುತ್ತಾರೆ. ಮೊದಲ ಸುಳ್ಳಿಗೆ ಭಯ, ಅಜ್ಞಾನ, ಏಜೆಂಟ್ ಎಂಬ ಸಮಜಾಯಿಷಿಗಳಾದರೂ ಇದ್ದವು. ಎದುರಿಗೆ ಪುರಾವೆ ಇಟ್ಟುಕೊಂಡು ಕೇಳಿದವರಿಗೆ ಹೇಳುವ ಎರಡನೆಯ ಸುಳ್ಳಿಗೆ ಯಾವ ಸಮಜಾಯಿಷಿಯೂ ಉಳಿಯುವುದಿಲ್ಲ.

ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣೆ ಕಾಯ್ದೆ 2002ರಲ್ಲಿ ಜಾರಿಗೆ ಬಂತು. ಅದರ 40ನೇ ಕಲಮಿನ ಪ್ರಕಾರ ಮುಖ್ಯ ಸಂಗತಿಯನ್ನು ತಪ್ಪಾಗಿ ಹೇಳಿದವರು, ಬಚ್ಚಿಟ್ಟವರು ಐದು ವರ್ಷ ಆ ದೇಶಕ್ಕೆ ಅನರ್ಹರು. 2014ರ ನವೆಂಬರ್‌ವರೆಗೆ ಈ ಅವಧಿ ಎರಡೇ ವರ್ಷವಿತ್ತು. ಆ ಐದು ವರ್ಷದಲ್ಲಿ ಕಾಯಂ ವಾಸಕ್ಕೆ ಮತ್ತೊಂದು ಅರ್ಜಿಯನ್ನೂ ಹಾಕುವಂತಿಲ್ಲ. ಸುಳ್ಳಿನಿಂದ ಅಧಿಕಾರಿ ನಿಜಕ್ಕೂ ದಾರಿತಪ್ಪಿರಬೇಕೆಂದೂ ಇಲ್ಲ. ತಪ್ಪುವ ಸಾಧ್ಯತೆಯಿದ್ದರೆ ಸಾಕು. ಅಮೆರಿಕ ಇನ್ನೂ ಕಠಿಣ. ಅಲ್ಲಿ ವಲಸೆ ಸೌಲಭ್ಯಕ್ಕಾಗಿ ಹೇಳಿದ ಸುಳ್ಳಿಗೆ ಜೀವನಪರ್ಯಂತ ತಡೆ, ವಿನಾಯಿತಿಗೆ ಬೇರೆಯೇ ಅರ್ಜಿ. ಅಲ್ಲಿನ ಆಶ್ರಯದ ಅರ್ಜಿಯನ್ನೇ ನ್ಯಾಯಾಧೀಶರು ಕಟ್ಟುಕಥೆ ಎಂದು ವಿಧಿವತ್ತಾಗಿ ತೀರ್ಮಾನಿಸಿದರೆ ಗ್ರೀನ್ ಕಾರ್ಡಿನ ದಾರಿ, ಮದುವೆಯ ಮೂಲಕವೂ, ಶಾಶ್ವತವಾಗಿ ಮುಚ್ಚುತ್ತದೆ.

‘ಹೌದು’ ಎಂದು ಬರೆದವರ ಹಾದಿ ಹಾಗಾದರೆ ಸುಗಮವೇ? ಪೂರ್ತಿ ಅಲ್ಲ. ಅಧಿಕಾರಿಯ ಮೇಜಿನ ಮೇಲೆ ಈಗ ಎರಡು ಕಡತಗಳಿರುತ್ತವೆ. ಒಂದರಲ್ಲಿ ‘ಊರಿಗೆ ಹೋದರೆ ನನ್ನನ್ನು ಕೊಲ್ಲುತ್ತಾರೆ’ ಎಂಬ ಹೇಳಿಕೆ. ಇನ್ನೊಂದರಲ್ಲಿ ಅದೇ ಊರಿನಲ್ಲಿ ಚಪ್ಪರ ಹಾಕಿ ನಡೆದ ಮದುವೆಯ ಫೋಟೊಗಳು. ಒಂದರಲ್ಲಿ ಅವಿವಾಹಿತ, ಇನ್ನೊಂದರಲ್ಲಿ ಅದೇ ಕಾಲಕ್ಕೆ ಮಗು ಹುಟ್ಟಿದ ದಾಖಲೆ. ಭಯ ನಿಜವಾಗಿಯೇ ಇದ್ದಿರಬಹುದು, ಕಾಲ ಬದಲಾಗಿರಬಹುದು, ಬೇರೆ ಜಿಲ್ಲೆಗೆ ಹೋಗಿ ನೆಲೆಸಿರಬಹುದು. ಅಂದು ಗಡಿಯಲ್ಲಿ ದಲ್ಲಾಳಿ ಹೇಳಿಕೊಟ್ಟದ್ದನ್ನೇ ಒಪ್ಪಿಸಿರಲೂಬಹುದು. ಯಾವುದು ನಿಜವೋ ಅದನ್ನು ತಾರೀಖು ಸಮೇತ ತಾವೇ ಮೊದಲು ಹೇಳಿದವರ ಮಾತಿಗೆ ಬರುವ ತೂಕ, ಕೇಳಿದ ಮೇಲೆ ಒಪ್ಪಿಕೊಂಡವರ ಮಾತಿಗೆ ಬರುವುದಿಲ್ಲ.

ಅನುಮಾನಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕ ಮತ್ತು ಕೆನಡಾ ನಡುವಿನ ‘ಸುರಕ್ಷಿತ ಮೂರನೇ ದೇಶ’ ಒಪ್ಪಂದ 2004ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅಮೆರಿಕದಿಂದ ಅಧಿಕೃತ ಗಡಿಠಾಣೆಗೆ ಬಂದು ಆಶ್ರಯ ಕೇಳಿದರೆ ಅಲ್ಲಿಗೇ ವಾಪಸು ಕಳಿಸುವ ವ್ಯವಸ್ಥೆ ಅದು. ಠಾಣೆಯಿಲ್ಲದ ಕಡೆ ದಾಟಿದರೆ ಈ ನಿಯಮ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಕ್ವಿಬೆಕ್‌ನ ರಾಕ್ಸಮ್ ರೋಡ್ ಎಂಬ ಹಳ್ಳಿದಾರಿ ಹೆಸರಾಯಿತು. 2023ರ ಮಾರ್ಚ್ 25ರಂದು ಒಪ್ಪಂದವನ್ನು ಇಡೀ ಭೂಗಡಿಗೆ ವಿಸ್ತರಿಸಿ ಅದನ್ನೂ ಮುಚ್ಚಿದರು. ಗಂಡನೋ ಹೆಂಡತಿಯೋ ಕೆನಡಾದಲ್ಲಿ ಕಾಯಂ ಇದ್ದವರಿಗೆ ಈ ಒಪ್ಪಂದದಲ್ಲಿ ವಿನಾಯಿತಿ ಇದೆ. ಆದರೆ 2019ರಲ್ಲಿ ಕೆನಡಾದ ವಲಸೆ ಕಾಯ್ದೆಗೆ ತಂದ ತಿದ್ದುಪಡಿ ಬೇರೆ ದಿಕ್ಕಿನಿಂದ ಬಂದು ತಡೆಯಿತು. ಮಾಹಿತಿ ಹಂಚಿಕೆಯ ಒಪ್ಪಂದವಿರುವ ದೇಶದಲ್ಲಿ ಮೊದಲೇ ಆಶ್ರಯ ಕೇಳಿದವರು ಕೆನಡಾದಲ್ಲಿ ಮತ್ತೆ ಆಶ್ರಯದ ಅರ್ಜಿ ಹಾಕಲು ಅನರ್ಹರು. ಅಂಥವರಿಗೆ ದೊರೆಯುವುದು ಗಡೀಪಾರಿಗೆ ಮುಂಚಿನ ಅಪಾಯ ಪರಿಶೀಲನೆ ಮಾತ್ರ. ಎರಡನೇ ಆಶ್ರಯದ ದಾರಿ ಹೀಗೆ ಕಿರಿದಾದ ಮೇಲೆ ಮದುವೆಯ ದಾರಿಯಲ್ಲಿ ಬಂದವರನ್ನು ಅಧಿಕಾರಿಗಳು ಇನ್ನಷ್ಟು ಕಣ್ಣಿಟ್ಟು ನೋಡುವುದು ಸಹಜ. ಕಾಯಂ ವಾಸ ಗಿಟ್ಟಿಸುವುದೇ ಮುಖ್ಯ ಉದ್ದೇಶವಾದ ಮದುವೆ, ನಿಜವಲ್ಲದ ಮದುವೆ, ಎರಡರಲ್ಲಿ ಯಾವುದೊಂದಾದರೂ ನಿಯಮಾವಳಿಯ 4ನೇ ನಿಯಮದಡಿ ಅರ್ಜಿ ಬೀಳುತ್ತದೆ.

ಆಶ್ರಯ ಸಿಗದವರು ಮಾಡಿಕೊಂಡ ಮದುವೆ ಸುಳ್ಳೇ ಇರಬೇಕು ಎಂಬ ಪೂರ್ವಗ್ರಹ ತಪ್ಪೆಂದು ಯುರೋಪಿನ ಎರಡು ದೊಡ್ಡ ತೀರ್ಪುಗಳನ್ನು ಓದಿದರೆ ತಿಳಿಯುತ್ತದೆ. ಎರಡೂ 2008ರವು, ನಡುವೆ ಒಂದೇ ತಿಂಗಳ ಅಂತರ. ಮೊದಲನೆಯದು ಬ್ರಿಟನ್ನಿನ ಚಿಕ್ವಾಂಬಾ ಪ್ರಕರಣ. ಜಿಂಬಾಬ್ವೆಯಿಂದ 2002ರಲ್ಲಿ ಬಂದ ಆ ಮಹಿಳೆಯ ಆಶ್ರಯದ ಅರ್ಜಿ ತಿರಸ್ಕಾರವಾಗಿತ್ತು. ಆಕೆ ಮದುವೆಯಾದದ್ದು ಅದೇ ದೇಶದಿಂದ ಬಂದು ನಿರಾಶ್ರಿತರೆಂದು ಮಾನ್ಯರಾದವರನ್ನು. ಒಂದು ಹೆಣ್ಣುಮಗುವೂ ಹುಟ್ಟಿತು. ಮದುವೆ ನಿಜವೆಂಬುದರಲ್ಲಿ ಸರ್ಕಾರಕ್ಕೂ ಸಂಶಯವಿರಲಿಲ್ಲ. ಆದರೂ ಆಕೆ ಜಿಂಬಾಬ್ವೆಗೆ ಮರಳಿ ಅಲ್ಲಿಂದ ಪತ್ನಿಯ ವೀಸಾಕ್ಕೆ ಅರ್ಜಿ ಹಾಕಬೇಕೆಂದು ಪಟ್ಟು ಹಿಡಿಯಿತು. ಗಂಡ ಆ ದೇಶಕ್ಕೆ ಕಾಲಿಡುವಂತಿರಲಿಲ್ಲ. ಒಂದಲ್ಲ ಒಂದು ದಿನ ಕೊಡಲೇಬೇಕಾಗುವ ವೀಸಾಕ್ಕಾಗಿ ತಾಯಿಯನ್ನು ಅಷ್ಟು ದೂರ ಅಟ್ಟುವುದರಲ್ಲಿ ಅರ್ಥವಿಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ 2008ರ ಜೂನ್ 25ರಂದು ಆಕೆಯ ಪರವಾಗಿ ತೀರ್ಪು ಕೊಟ್ಟಿತು.

ಎರಡನೆಯದು ಐರ್ಲೆಂಡಿನ ಮೆಟಾಕ್ ಪ್ರಕರಣ. ಕ್ಯಾಮರೂನಿನ ಬ್ಲೇಸ್ ಮೆಟಾಕ್ 2006ರಲ್ಲಿ ಐರ್ಲೆಂಡಿಗೆ ಬಂದು ಆಶ್ರಯ ಕೇಳಿದರು. ಸಿಗಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಕ್ಯಾಮರೂನಿನಲ್ಲೇ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದು ಐರ್ಲೆಂಡಿನಲ್ಲಿ ದುಡಿಯುತ್ತಿದ್ದ ಮಹಿಳೆಯನ್ನು ಮದುವೆಯಾದರು. ಕಾಗದದಲ್ಲಿ ಇಷ್ಟನ್ನೇ ಓದಿದವರಿಗೆ ಏನನ್ನಿಸೀತು? ಇಬ್ಬರೂ ತವರಿನಲ್ಲಿ ಪರಿಚಯವಾಗಿದ್ದು 1994ರಲ್ಲಿ. ಅವರ ಮೊದಲ ಮಗು ಹುಟ್ಟಿದ್ದು 1998ರಲ್ಲಿ. ಮೊದಲು ಬೇರೊಂದು ಯುರೋಪಿಯನ್ ಒಕ್ಕೂಟದ ದೇಶದಲ್ಲಿ ಕಾನೂನುಬದ್ಧವಾಗಿ ಇದ್ದು ಬಂದವರಿಗೆ ಮಾತ್ರ ಸಂಗಾತಿಯ ಹಕ್ಕು ಎಂದು ಐರ್ಲೆಂಡ್ ಹಾಕಿದ್ದ ಷರತ್ತನ್ನು ಯುರೋಪಿಯನ್ ನ್ಯಾಯಾಲಯ 2008ರ ಜುಲೈ 25ರಂದು ತಳ್ಳಿಹಾಕಿತು. ಮದುವೆ ಎಲ್ಲಿ, ಯಾವಾಗ ಆಯಿತು, ಸಂಗಾತಿ ಆ ದೇಶದೊಳಗೆ ಹೇಗೆ ಬಂದರು ಎಂಬುದು ಮುಖ್ಯವಲ್ಲ ಎಂದು ಹೇಳಿತು. ಈ ತೀರ್ಪುಗಳು ಕೆನಡಾಕ್ಕೆ ಅನ್ವಯಿಸುವುದಿಲ್ಲ ನಿಜ. ಆದರೆ ಆಶ್ರಯ ಕೇಳಿದವರಿಗೂ ಹಳೆಯ ಪ್ರೀತಿ, ಹಳೆಯ ಮಕ್ಕಳು, ಹಳೆಯ ಬದುಕು ಇರುತ್ತವೆ ಎಂಬುದನ್ನು ಯಾವ ದೇಶದ ಅಧಿಕಾರಿಯಾದರೂ ಮೆಟಾಕ್ ದಂಪತಿಯಿಂದ ಕಲಿಯಬೇಕು.

ಸುಳ್ಳು ಹೇಳುವ ಉದ್ದೇಶವೇ ಇಲ್ಲದೆ ತಪ್ಪು ಮಾಡಿದವರ ಗತಿಯೇನು? ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ 1990ರಲ್ಲಿ ಮೆಡೆಲ್ ಎಂಬ ಮಹಿಳೆಯ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಆಕೆಯನ್ನು ಕರೆಸಿಕೊಳ್ಳಲು ಸ್ಪಾನ್ಸರ್ ಮಾಡಿದ್ದ ಗಂಡ, ಆಕೆಗೆ ತಿಳಿಯದಂತೆ, ಆ ಸ್ಪಾನ್ಸರ್‌ಶಿಪ್ಪನ್ನು ಹಿಂತೆಗೆದುಕೊಂಡಿದ್ದ. ರಾಯಭಾರ ಕಚೇರಿ ವಿಷಯ ತಿಳಿಸದೆ, ವೀಸಾದಲ್ಲಿ ತಪ್ಪಿದೆ, ತಿದ್ದಲು ಹಿಂದಿರುಗಿಸಿ ಎಂದಷ್ಟೇ ಹೇಳಿತು. ಇಂಗ್ಲಿಷ್ ಬಲ್ಲ ನೆಂಟರಿಗೆ ತೋರಿಸಿದರೆ ಅವರಿಗೆ ಯಾವ ತಪ್ಪೂ ಕಾಣಲಿಲ್ಲ. ಆಕೆ ಅದೇ ವೀಸಾದಲ್ಲಿ ಕೆನಡಾಕ್ಕೆ ಬಂದರು. ತಾನು ಏನನ್ನೂ ಮುಚ್ಚಿಡುತ್ತಿಲ್ಲ ಎಂದು ಆಕೆ ಪ್ರಾಮಾಣಿಕವಾಗಿ, ಸಕಾರಣವಾಗಿ ನಂಬಿದ್ದರು ಎಂದು ನ್ಯಾಯಾಲಯ ಆಕೆಯ ಕೈಹಿಡಿಯಿತು. ಈ ವಿನಾಯಿತಿ ಬಹಳ ಕಿರಿದು. ತಂದೆಯ ಅರ್ಜಿಯಲ್ಲಿ ತನ್ನ ಹೆಸರಿದ್ದುದೇ ಗೊತ್ತಿರದ ಮಗುವಿಗೆ ಅದು ನೆರವಾದೀತು. ಗಡಿಯಲ್ಲಿ ತಾನೇ ಸಂದರ್ಶನಕ್ಕೆ ಕೂತಿದ್ದವನಿಗೆ ಆಗದು.

ಆದ್ದರಿಂದ ಅರ್ಜಿ ಹಾಕುವ ಮೊದಲೇ ಹಳೆಯ ಕಡತ ತರಿಸಿಕೊಳ್ಳುವುದು ಜಾಣತನ. ಅಮೆರಿಕದಲ್ಲಿ ಪ್ರತಿ ಪ್ರಕರಣಕ್ಕೂ ‘ಎ’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟು ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ಪ್ರತಿ ಕೇಳಬಹುದು. ವಲಸೆ ನ್ಯಾಯಾಲಯದ ಕಡತವನ್ನು ಬೇರೆಯಾಗಿ ಕೇಳಬೇಕು. ಬ್ರಿಟನ್ನಿನಲ್ಲಿ ತನ್ನ ಬಗೆಗಿನ ಮಾಹಿತಿಯನ್ನು ಗೃಹ ಇಲಾಖೆಯಿಂದ ಉಚಿತವಾಗಿಯೇ ಪಡೆಯಬಹುದು. ಅಂದು ದುಭಾಷಿ ಏನು ಹೇಳಿದ, ಅಧಿಕಾರಿ ಏನು ಬರೆದುಕೊಂಡ, ಹುಟ್ಟಿದ ತಾರೀಖು ಯಾವುದು ದಾಖಲಾಯಿತು ಎಂಬುದು ಅರ್ಜಿದಾರರಿಗೇ ಹೊಸ ಸುದ್ದಿಯಾಗುವುದುಂಟು. ಕೆನಡಾದಲ್ಲಿ ಅರ್ಜಿ ಬಿದ್ದ ಮೇಲೆ ಅಧಿಕಾರಿಯ ಟಿಪ್ಪಣಿ ನೋಡಬೇಕಾದರೆ ಅಲ್ಲಿರುವ ಸಂಗಾತಿ ಐದು ಡಾಲರ್ ಕಟ್ಟಿ, ಇವರ ಒಪ್ಪಿಗೆ ಪತ್ರ ಲಗತ್ತಿಸಿ ಕೇಳಬಹುದು.

ಬೈಲುಕುಪ್ಪೆಯವರ ಮಟ್ಟಿಗೆ ಇದು ಇನ್ನೂ ಸೂಕ್ಷ್ಮ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಇಲ್ಲಿ ಕಾನೂನಿಲ್ಲ. ಟಿಬೆಟಿಯನ್ನರಲ್ಲಿ ಹೆಚ್ಚಿನವರ ಬಳಿ ಇರುವುದು ನೋಂದಣಿ ಪತ್ರ. ವಿದೇಶಕ್ಕೆ ಹೋಗಲು ಐಡೆಂಟಿಟಿ ಸರ್ಟಿಫಿಕೇಟ್ ಎಂಬ ಹಳದಿ ಪುಸ್ತಕ. ಇವರು ಅಮೆರಿಕದಲ್ಲಿ ಆಶ್ರಯ ಕೇಳಿದಾಗ ‘ಯಾವ ದೇಶದ ಪ್ರಜೆಯೂ ಅಲ್ಲ’ ಎಂದು ಬರೆದದ್ದು ಸಹಜ. ಆದರೆ ಭಾರತದ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ, ಮತ್ತೆ ದೆಹಲಿ ಹೈಕೋರ್ಟ್ 2016ರಲ್ಲಿ ಟಿಬೆಟಿಯನ್ನರ ವಿಷಯದಲ್ಲಿ ಇದನ್ನು ಎತ್ತಿಹಿಡಿದವು. 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಲು ಒಪ್ಪಿತಾದರೂ ನೋಂದಣಿ ಪತ್ರ ಹಿಂದಿರುಗಿಸಬೇಕು, ಶಿಬಿರದಲ್ಲಿ ಇರಬಾರದು ಎಂಬಂಥ ಷರತ್ತುಗಳು ಬಂದವು. ಮನೆ, ಹೊಲ, ಮಠ ಎಲ್ಲವೂ ಶಿಬಿರದಲ್ಲೇ ಇರುವವರಿಗೆ ಅದು ಸಣ್ಣ ಷರತ್ತಲ್ಲ.

ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ 2016ರ ಟ್ರೆಟ್ಸೆಟ್ಸಾಂಗ್ ಪ್ರಕರಣದಲ್ಲಿ ಈ ಪೌರತ್ವದ ಪ್ರಶ್ನೆಯನ್ನು ಎದುರಿಸಿತು. ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರಿಗೆ ಕೆನಡಾದಲ್ಲಿ ಆಶ್ರಯ ಬೇಕಾದರೆ, ಭಾರತದ ಪೌರತ್ವ ಚಲಾಯಿಸಲು ನಿಜವಾದ ಅಡ್ಡಿಯಿದೆಯೆಂದೂ ಅದನ್ನು ದಾಟಲು ತಕ್ಕ ಪ್ರಯತ್ನ ಮಾಡಿದೆವೆಂದೂ ತೋರಿಸಬೇಕು ಎಂದು ಬಹುಮತದ ತೀರ್ಪು ಹೇಳಿತು. ಹೀಗಾಗಿ ಹಳೆಯ ಆಶ್ರಯದ ಅರ್ಜಿಯಲ್ಲಿ ಪೌರತ್ವವಿಲ್ಲದವರಾಗಿದ್ದು, ಈಗಿನ ಅರ್ಜಿಯಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಎರಡೂ ಹೇಳಿಕೆಗಳು ಆಯಾ ಕಾಲಕ್ಕೆ ನಿಜ ಎಂದು ತೋರಿಸುವ ಹೊಣೆ ಬೀಳುತ್ತದೆ. ನೋಂದಣಿ ಪತ್ರದ ಪ್ರತಿ, ಅದನ್ನು ಒಪ್ಪಿಸಿದ ರಸೀದಿ, ಪಾಸ್‌ಪೋರ್ಟ್ ಕೊಟ್ಟ ತಾರೀಖು ಇವನ್ನೆಲ್ಲ ಸಾಲಾಗಿ ಜೋಡಿಸಿ ಒಂದು ಪುಟದ ವಿವರಣೆ ಬರೆದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಸ್ಪಾನ್ಸರ್ ಮಾಡುವವರೇ ನಿರಾಶ್ರಿತರಾಗಿ ಬಂದವರಾದರೆ ಅವರ ಕಡತವನ್ನೂ ನೋಡುತ್ತಾರೆ. ತಾವು ಕಾಯಂ ವಾಸ ಪಡೆಯುವಾಗ ಹೆಂಡತಿಯ ಹೆಸರನ್ನು ಬರೆಯದೆ ಬಿಟ್ಟಿದ್ದರೆ ಆಕೆಯನ್ನು ಮುಂದೆಂದೂ ಸ್ಪಾನ್ಸರ್ ಮಾಡುವಂತಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ವಿಶೇಷ ಯೋಜನೆ ಅಂಥ ಕೆಲವರಿಗೆ ದಾರಿ ಬಿಟ್ಟಿತು. ತವರಿನ ಪಾಸ್‌ಪೋರ್ಟ್ ಮಾಡಿಸಿ ಅದೇ ದೇಶಕ್ಕೆ ಹೋಗಿ ತಾಳಿ ಕಟ್ಟಿ ಬಂದರೆ ನಿರಾಶ್ರಿತ ಮಾನ್ಯತೆ ಹೋಗಬಹುದು, 2012ರ ಕಾನೂನಿನಿಂದಾಗಿ ಅದರ ಹಿಂದೆಯೇ ಕಾಯಂ ವಾಸವೂ ಹೋಗಬಹುದು. ಫೋನಿನಲ್ಲೋ ಇಂಟರ್ನೆಟ್‌ನಲ್ಲೋ ಮದುವೆಯಾಗೋಣವೆಂದರೆ 2015ರಿಂದ ಅಂಥ ಮದುವೆಗೆ ಮಾನ್ಯತೆಯಿಲ್ಲ. ಮೂರನೇ ದೇಶದಲ್ಲಿ ಭೇಟಿಯಾಗಿ ಮದುವೆಯಾಗುವುದೇ ಉಳಿದಿರುವ ಹಾದಿ. ತಾವು ಕೆನಡಾದ ಪೌರರಾಗಿಬಿಟ್ಟರೆ ಈ ಭಯವಿರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ, ಸುಳ್ಳಿನ ಕಾರಣಕ್ಕೆ ಅರ್ಜಿ ಬಿದ್ದರೆ? ಇಲ್ಲಿ ಕಾಯ್ದೆ ಸಂಸಾರಕ್ಕೆ ಒಂದು ಕಿಂಡಿ ಬಿಟ್ಟಿದೆ. ತಂದೆ ತಾಯಿಯನ್ನು ಕರೆಸಿಕೊಳ್ಳುವ ಅರ್ಜಿ ಸುಳ್ಳಿನ ಕಾರಣಕ್ಕೆ ಬಿದ್ದರೆ ವಲಸೆ ಮೇಲ್ಮನವಿ ಮಂಡಳಿಗೆ ಹೋಗುವಂತಿಲ್ಲ. ಗಂಡ, ಹೆಂಡತಿ, ಮಕ್ಕಳ ಅರ್ಜಿಗೆ ಮಾತ್ರ 64ನೇ ಕಲಮು ಆ ಹಕ್ಕು ಉಳಿಸಿದೆ. ಮೇಲ್ಮನವಿಗೆ 30 ದಿನ ಗಡುವು. ಆದರೆ ಕೆನಡಾದ ಒಳಗಿರುವ ಸಂಗಾತಿಗಳಿಗೆಂದು ಇರುವ ಪ್ರತ್ಯೇಕ ವರ್ಗದಲ್ಲಿ ಅರ್ಜಿ ಹಾಕಿದವರಿಗೆ ಈ ಹಕ್ಕಿಲ್ಲ, ಅವರು ಫೆಡರಲ್ ಕೋರ್ಟಿನ ಅನುಮತಿ ಬೇಡಬೇಕು. ಇಬ್ಬರೂ ಒಂದೇ ಸೂರಿನಡಿ ಇದ್ದರೂ ಹೊರದೇಶದ ವರ್ಗದಲ್ಲಿ ಅರ್ಜಿ ಹಾಕಲು ಅಡ್ಡಿಯಿಲ್ಲ ಎಂಬುದು ಬಹುತೇಕ ಜೋಡಿಗಳಿಗೆ ತಿಳಿದಿರುವುದಿಲ್ಲ. ಹಳೆಯ ಆಶ್ರಯದ ಅರ್ಜಿ ಇರುವವರಿಗೆ ಈ ಆಯ್ಕೆ ಇಡೀ ಪ್ರಕರಣದ ಹಣೆಬರಹ ಬದಲಿಸಬಲ್ಲದು. ಸಂಗಾತಿಗಳನ್ನು ಹೀಗೆ ಎರಡು ಬಗೆ ಮಾಡಿ ಒಬ್ಬರಿಗೆ ಮೇಲ್ಮನವಿ ಕೊಟ್ಟು ಇನ್ನೊಬ್ಬರಿಗೆ ಕೊಡದಿರುವುದು ಅನ್ಯಾಯ, ಕೆನಡಾದ ಸಂಸತ್ತು ಇದನ್ನು ಸರಿಪಡಿಸಬೇಕು.

ಮಂಡಳಿಯ ಮುಂದೆ ಸ್ಪಾನ್ಸರ್ ಹಾಜರಾಗುತ್ತಾರೆ, ಇತ್ತ ಸಂಗಾತಿ ಫೋನಿನಲ್ಲೋ ವಿಡಿಯೊದಲ್ಲೋ ಸಾಕ್ಷಿ ಹೇಳುತ್ತಾರೆ. ಸುಳ್ಳು ಎಷ್ಟು ಗಂಭೀರ, ಪಶ್ಚಾತ್ತಾಪ ಎಷ್ಟು ನಿಜ, ಯಾವಾಗ ಒಪ್ಪಿಕೊಂಡರು, ಸಂಬಂಧ ಎಷ್ಟು ಗಟ್ಟಿ, ಮಕ್ಕಳ ಹಿತ ಏನು ಎಂದು ಮಂಡಳಿ ತೂಗುತ್ತದೆ. ಮಾನವೀಯತೆಯ ಆಧಾರದ ಮೇಲೆ ವಿನಾಯಿತಿ ಕೊಡುವ ಅಧಿಕಾರ ಅದಕ್ಕಿದೆ. ಗೆದ್ದರೂ ವೀಸಾ ಮರುದಿನ ಕೈಗೆ ಬರುವುದಿಲ್ಲ. ಕಡತ ವೀಸಾ ಕಚೇರಿಗೆ ಮರಳುತ್ತದೆ. ಅಷ್ಟರಲ್ಲಿ 12 ತಿಂಗಳ ಮೆಡಿಕಲ್ ಅವಧಿ ಮುಗಿದಿರುತ್ತದೆ, ಪೊಲೀಸ್ ಪ್ರಮಾಣಪತ್ರ ಹಳತಾಗಿರುತ್ತದೆ, ಪಾಸ್‌ಪೋರ್ಟ್ ನವೀಕರಿಸಬೇಕಾಗಿರುತ್ತದೆ. ಅವನ್ನೆಲ್ಲ ಹೊಸದಾಗಿ ಮಾಡಿಸಿ ಸಲ್ಲಿಸಿದ ಮೇಲೆ ಅಧಿಕಾರಿ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.